ಏಳೂವರೆಯ ಚೀಟಿ

ಮುರೊರಾನ್ ಬಂದರಿನ ಈ ಅಂಗಡಿಯಲ್ಲಿ
ಸಂಜೆ ಏಳೂವರೆಗೆ ಹಳದಿ ಚೀಟಿಯ ಸುರುಳಿ ಹಿಡಿದು ನಾನು ಹೊರಟರೆ
ಹಿಂದೆಯೇ ಹತ್ತು ಹದಿನೈದು ಬುಟ್ಟಿಗಳು,
ಯಾರೂ ನನ್ನನ್ನು ನೋಡುತ್ತಲೇ ಇಲ್ಲ ಎಂಬ ಮುಖ ಹೊತ್ತು.

ಬಂಗುಡೆಗೆ ಇಪ್ಪತ್ತು, ಕರಿದ ಆಲೂಗೆ ಮೂವತ್ತು,
ನಿನ್ನೆಯ ತೋಫುವಿಗೆ ನೇರ ಅರ್ಧ.
ಎಲ್ಲರೂ ಫೋನು ತೆಗೆಯುತ್ತಾರೆ.
ಹಿರಾನುಮಾ ಸಾನ್ ಮಾತ್ರ ಎರಡು ಬೆರಳೆತ್ತಿ
ಗಾಳಿಯಲ್ಲಿ ಏನನ್ನೋ ಮೇಲೆ ಕೆಳಗೆ ಮಾಡುತ್ತಾರೆ.

ನಡುಕ, ವಯಸ್ಸಾಯಿತು, ಅಂದುಕೊಂಡಿದ್ದೆ.
ಅಲ್ಲ.
ಮೂವತ್ತೊಂದು ವರ್ಷ ಮೀನುಪೇಟೆಯ ಮಹಡಿಯಲ್ಲಿ
ಮಕ್ಕಳಿಗೆ ಸೊರೊಬಾನ್ ಕಲಿಸಿದವರು.
ಚೌಕಟ್ಟು ಎಂದೋ ಮುರಿಯಿತಂತೆ; ಮಣಿಗಳು
ಬೆರಳಲ್ಲೇ ಉಳಿದುಬಿಟ್ಟವು.

"ಮುನ್ನೂರ ತೊಂಬತ್ತೆಂಟಕ್ಕೆ ಹೆದರಬೇಡ" ಅಂದರು ಒಮ್ಮೆ,
ಆಲೂ ಡಬ್ಬಿ ತಿರುಗಿಸುತ್ತ. "ಅದು ನಾನೂರೇ,
ಎರಡು ಯೆನ್ ಬಚ್ಚಿಟ್ಟುಕೊಂಡಿದೆ ಅಷ್ಟೆ.
ಒಂದು ಸೊನ್ನೆ ಉದುರಿಸು, ನಲವತ್ತು. ಮೂರು ಸಲ ಕಳೆ.
ಇನ್ನೂರ ಎಂಬತ್ತು. ಈಗ ಬಚ್ಚಿಟ್ಟದ್ದನ್ನು ನೆನೆದು
ಒಂದು ಯೆನ್ ಬಿಡು, ಮೇಲೊಂದು ಚೂರು."

ಮಂಗಳವಾರ ಹಿರಿಯರಿಗೆ ಇನ್ನೂ ಹತ್ತು.
ಮ್ಯಾನೇಜರ್ ಕುಡೊ ಕೆಂಪಕ್ಷರದಲ್ಲಿ ಬರೆಸಿದ್ದರು:
ಇಪ್ಪತ್ತರ ಚೀಟಿಯ ಮೇಲೆ ಹತ್ತು, ಒಟ್ಟು ಮೂವತ್ತು!
ಗಾಳಿಯಲ್ಲಿ ಬೆರಳು ಎರಡು ಸಲ ಆಡಿ ನಿಂತಿತು.
"ಐನೂರರಲ್ಲಿ ನೂರು ಹೋಯಿತು.
ಆಮೇಲಿನ ನಿಮ್ಮ ಹತ್ತು, ನಾನೂರರ ಹತ್ತಲ್ಲವೇ?
ಮುನ್ನೂರ ಅರವತ್ತು ಆಗುತ್ತದೆ.
ಬೋರ್ಡು ಮುನ್ನೂರೈವತ್ತು ಅನ್ನುತ್ತಿದೆ."
ಕುಡೊ ಮೆಷಿನ್ನನ್ನು ಕೇಳಿದರು.
ಅದೂ ಅಜ್ಜಿಯ ಕಡೆಗೇ ವಾಲಿತು.

ಹತ್ತು ಯೆನ್ನಿನ ನಾಣ್ಯವನ್ನು ಎರಡೂ ಕೈಯಲ್ಲಿ ಹಿಡಿದು
ಸೊಂಟದವರೆಗೆ ಬಾಗಿದರು ಕುಡೊ.
"ದುಡ್ಡು ಬೇಡ. ಬೋರ್ಡು ತಿದ್ದಿ.
ಶಾಲೆ ಬಿಟ್ಟ ಮಕ್ಕಳು ಇದೇ ದಾರಿಯಲ್ಲಿ ಹೋಗುತ್ತಾರೆ,
ಓದಿಕೊಳ್ಳುತ್ತಾರೆ."

ಕೆಂಪಿನ ಮೇಲೆ ಕರಿಯಲ್ಲಿ ಇಪ್ಪತ್ತೆಂಟು ಬರೆದವನು ನಾನೇ.
ಸುಂದರವಾಗೇನೂ ಬರಲಿಲ್ಲ.

ಅಂದು ಕದ ಮುಚ್ಚುವಾಗ ಉಳಿದದ್ದು ಒಂದೇ ಬುತ್ತಿ,
ನಾನೂರ ತೊಂಬತ್ತೆಂಟು.
ಅರ್ಧದ ಚೀಟಿ ನಾನೇ ಅಂಟಿಸಿ ನಾನೇ ಕೊಂಡೆ.
ಕೌಂಟರಿನ ಹುಡುಗಿ ಯಂತ್ರಕ್ಕೆ ತೋರಿಸುವ ಮೊದಲೇ
ನನ್ನ ತೋರುಬೆರಳು ಇನ್ನೂರೈವತ್ತರಿಂದ
ಇಲ್ಲದ ಒಂದು ಮಣಿ ಇಳಿಸಿಯಾಗಿತ್ತು.

ಯಾರೂ ನೋಡಲಿಲ್ಲ ತಾನೇ ಎಂದು
ಕೈಯನ್ನು ಕೋಟಿನ ಜೇಬಿಗೆ ಸೇರಿಸಿದೆ.