ಹಿಂದಿನ ಸೀಟು

ಕೊಲಂಬಸ್ಸಿಗೆ ಟಿಕೆಟ್ಟು ಎಂಬತ್ತು. ಅಪ್ಪ ಎರಡು ಸಲ ಕೇಳಿದ:
"ಒಬ್ಬರಿಗಾ, ಮೂರು ಮಂದಿಗಾ?"
ಆಮೇಲೆ ಕನ್ನಡಕ, ಪರ್ಸು, ಬಿಪಿ ಮಾತ್ರೆಯ ಚೀಟಿ
ಎಲ್ಲಾ ನನ್ನ ಚೀಲಕ್ಕೆ ಹಾಕಿ
ಚಪ್ಪಲಿ ಜೋಡಿಸಿಟ್ಟ,
ಆಸ್ಪತ್ರೆ ಬಾಗಿಲಲ್ಲಿ ಬಿಟ್ಟಂತೆ.

ಅಮ್ಮ ಬಾಯಲ್ಲಿ ಪಿನ್ನು ಕಚ್ಚಿ
ಸೆರಗು ಸೊಂಟಕ್ಕೆ ಸುತ್ತುತ್ತಿದ್ದಳು.
"ಹಿಂದಿನ ಸೀಟು," ಅಂದಳು. "ತುದೀಲಿ."

ಬಳ್ಳಾರಿ. ಮೇ ತಿಂಗಳು. ರಾತ್ರಿ ಎಂಟೂವರೆಗೂ
ಕಬ್ಬಿಣದ ಕಂಬಿ ಬಿಸಿ.
ಅದನ್ನು ಹಿಡಿದ ಅಪ್ಪನ ಉಗುರು ನೀಲಿ,
ಇಪ್ಪತ್ತಾರು ವರ್ಷ ಜೀನ್ಸ್ ತೊಳೆದ ನೀಲಿ,
ಯಾವ ಸೋಪಿಗೂ ಬಗ್ಗದ್ದು.

ದೋಣಿ ಮೊದಲು ತೊಟ್ಟಿಲಿನಷ್ಟೇ ತೂಗಿತು.
"ಇಷ್ಟೇನಾ?" ಅಂದ.

ಆಮೇಲೆ ಗುಡ್ಡದ ಕೋಟೆ ದೀಪ ಸಮೇತ
ನಮ್ಮ ಕಾಲಡಿ ಬಂತು.
ಹೊಟ್ಟೆ ಮೇಲೇ ಉಳಿದು ನಾವಷ್ಟೇ ಇಳಿದೆವು.
ಅಮ್ಮನಿಗೆ ಕನ್ನಡ ಮರೆತು
ಆದೋನಿಯ ತೆಲುಗು ಹೊರಬಿತ್ತು: "ಓರಿ ನಾಯನೋ!"
ಹೆದರಿ ಅಲ್ಲ. ಆ ದನಿ
ನಾನು ಕೇಳಿದ್ದೇ ಇಲ್ಲ.

ಮತ್ತೆ ಅಪ್ಪ,
ಇಷ್ಟು ವರ್ಷ "ಏ, ಇಲ್ಲಿ ಕೇಳು" ಅಂತಲೇ ಕರೆದವನು,
ಆಕಾಶಕ್ಕೆ ಬಾಯಿ ತೆರೆದು
"ಸುಂಕಮ್ಮಾ! ಹಿಡ್ಕೋ ಸುಂಕಮ್ಮಾ!"

ನಗುತ್ತಿದ್ದ.
ಮೂಲೆಯಲ್ಲೊಂದು ದವಡೆ ಹಲ್ಲಿರಲಿಲ್ಲ.
ಯಾವಾಗ ಕೀಳಿಸಿದನೋ, ಯಾರ ಜೊತೆ ಹೋಗಿದ್ದನೋ,
ಆವತ್ತು ನಾನು ಎಲ್ಲಿದ್ದೆ?

ಇಳಿದ ಮೇಲೆ ಇಬ್ಬರೂ
ಒಬ್ಬರ ಭುಜ ಒಬ್ಬರು ಹಿಡಿದು ನಿಂತರು.
ಅಪ್ಪನ ಎಡಗಾಲು ಅಮ್ಮನ ಚಪ್ಪಲಿಯೊಳಗೆ.
ಅವನಿಗೆ ತಿಳಿಯಲಿಲ್ಲ, ಅವಳು ಹೇಳಲಿಲ್ಲ.

ಕನ್ನಡಕ ಕೊಡಲು ಹೋದೆ.
"ಇರಲಿ, ನಿನ್ನ ಹತ್ರಾನೇ," ಅಂದ
ಟಿಕೆಟ್ಟಿನ ಕಿಟಕಿ ಕಡೆ ನೋಡುತ್ತ.