ಮೊದಲೆರಡು ಪುಟ ಬೇಡ

ಹಾಸನದ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ
ಮೆಟ್ಟಿಲ ಕೆಳಗಿನ ನನ್ನ ಜೆರಾಕ್ಸ್ ಅಂಗಡಿಗೆ
ಬಾಗಿಲಿಲ್ಲ, ಷಟರ್ ಮಾತ್ರ.
ಪಹಣಿ, ಆಧಾರ್, ಜಾಮೀನು ಅರ್ಜಿ,
ತೀರಿಕೊಂಡವರ ಫೋಟೊ, ಎಲ್ಲಕ್ಕೂ ಒಂದೇ ಬೆಳಕು.
ಒಂದು ಸಲ ಹಾದರೆ ಎರಡು ರೂಪಾಯಿ.

ಲಾ ಕಾಲೇಜಿನ ಹುಡುಗನೊಬ್ಬ
ಕಾಪಿರೈಟ್ ಕಾಯ್ದೆಯ ಪುಸ್ತಕವನ್ನೇ
ರಟ್ಟಿನಿಂದ ರಟ್ಟಿಗೆ ಕಾಪಿ ಮಾಡಿಸಿ ಒಯ್ದ.
ಅವನೂ ನಗಲಿಲ್ಲ, ನಾನೂ ನಗಲಿಲ್ಲ.
ಪರೀಕ್ಷೆ ಸೋಮವಾರ ಇತ್ತು.

ಡಿ.ಎಡ್. ಹುಡುಗಿಯರು ತರುತ್ತಿದ್ದುದು ಬೇರೆ:
ಬೆರಳು ಮಡಚಿ ಎಣಿಸುವ, ಇರುವೆಗೆ ಟೋಪಿ ಹಾಕುವ
ನಲವತ್ತು ಶಿಶುಪದ್ಯ. ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ.
“ಅಣ್ಣ, ಮೊದಲೆರಡು ಪುಟ ಬೇಡ,
ಪದ್ಯದಿಂದ ಶುರು ಮಾಡಿ.”
ಆಗ ಪುಟಕ್ಕೆ ರೂಪಾಯಿ;
ಎರಡು ಉಳಿದರೆ ಒಂದು ಲೋಟ ಟೀ.
ಮೊದಲ ಪುಟದಲ್ಲಿ ಹೆಸರಿತ್ತು,
ಎರಡನೆಯದರಲ್ಲಿ, ಹಕ್ಕುಗಳು: ಲೇಖಕಿಯವು.
ಹಾಗೆ, ಟೀ ಬೆಲೆಗೆ, ಒಂದು ಹೆಸರು
ಪುಸ್ತಕದಿಂದ ಇಳಿದುಹೋಯಿತು
ಯಾರೂ ಕದಿಯದೆ.

ಕಾಪಿಯ ಕಾಪಿ, ಅದರದೂ ಕಾಪಿ.
ಇರುವೆಯ ಟೋಪಿ ಮಸುಕಾಯಿತು.
ಹದಿನೇಳನೇ ಪುಟದಲ್ಲಿ ಹಾಳೆ ಒತ್ತಿ ಹಿಡಿದಿದ್ದ
ನನ್ನ ಹೆಬ್ಬೆರಳು ಮಾತ್ರ ಪ್ರತಿ ಸಲವೂ ಬಿತ್ತು,
ಕಟ್ಟರ್‌ಗೆ ಸಿಕ್ಕಿ ಸೀಳಿದ ಉಗುರಿನ ಸಮೇತ.
ಆಮೇಲೆ ಯಾರೋ ಅದನ್ನು ಪಿಡಿಎಫ್ ಮಾಡಿದರು.

ಮೊನ್ನೆ ಆಲೂರಿನ ಬಸ್ಸಿಳಿದು ಬಂದವರು
ಎಪ್ಪತ್ತು ದಾಟಿದ ಟೀಚರು, ಜಯಶೀಲಮ್ಮ.
ಮೊಬೈಲು ಚಾಚಿದರು:
“ಅಂಗನವಾಡಿಯವರ ಗ್ರೂಪಿನಲ್ಲಿ ಬಂತು,
ಒಂದು ಪ್ರಿಂಟ್ ಹಾಕಿ ಕೊಡಪ್ಪ.
ಬರೆದವಳು ನಾನೇ. ನನ್ನ ಹತ್ತಿರ ಒಂದೂ ಉಳಿದಿಲ್ಲ.
ಅಚ್ಚು ಹಾಕಿದ ಪ್ರೆಸ್ಸಿನಲ್ಲೀಗ ಟೈಲ್ಸ್ ಮಾರ್ತಾರೆ.”

ಹಾಳೆ ಬಿಸಿಬಿಸಿ ಬಿದ್ದವು.
ಹದಿನೇಳರಲ್ಲಿ ಅವರು ನಿಂತರು.
“ಇದ್ಯಾರದು?”
ಟೋನರ್ ಹತ್ತಿದ ಕೈಯನ್ನು ಕೌಂಟರಿನ ಕೆಳಗೆಳೆದುಕೊಂಡೆ.
“ಇಡು ಇಲ್ಲಿ,” ಅಂದರು,
ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನಿಗೆ ಹೇಳುವ ದನಿಯಲ್ಲಿ.
ಇಟ್ಟೆ. ಸೀಳು ಸೀಳಿಗೆ ಕೂಡಿತು.
“ನನ್ನ ಪುಸ್ತಕದಲ್ಲಿ ನಾನಿಲ್ಲ. ನೀನಿದ್ದೀಯ.”

ದುಡ್ಡು ಬೇಡವೆಂದೆ. ಎಣಿಸಿಯೇ ಇಟ್ಟರು,
ಸ್ಪೈರಲ್ ಬೈಂಡಿಂಗಿನದೂ ಸೇರಿಸಿ.
“ಮಕ್ಕಳ ಬಾಯಿಗೆ ಬೀಗ ಹಾಕೋಕೆ ಬರೆದದ್ದಲ್ಲ.
ಆದರೆ ಆ ಇರುವೆಗೆ ಟೋಪಿ ಹೊಂದಿಸೋಕೆ
ಮೂರು ಬೇಸಿಗೆ ರಜ ಹಿಡೀತು ಕಣಪ್ಪ.”

ಬಿಳಿ ಹಾಳೆ ಕೇಳಿದರು. ಕರಿಹಲಗೆಯ ಗುಂಡು ಅಕ್ಷರದಲ್ಲಿ
ಹೆಸರು, ಊರು, ಇಸವಿ.
ಇನ್ನೊಂದರಲ್ಲಿ:
ಹಾಡಬಹುದು. ಹಂಚಬಹುದು. ಹೆಸರು ಬಿಡಬಾರದು.
ಸ್ಕ್ಯಾನ್ ಮಾಡುವಾಗ ಹೆಬ್ಬೆರಳನ್ನು ದೂರ ಹಿಡಿದೆ.

“ಇವೆರಡನ್ನೂ ಮುಂದಿಡು. ಯಾರಾದರೂ
ಮೊದಲೆರಡು ಪುಟ ಬೇಡ ಅಂದರೆ, ಹಾಕಿಯೇ ಕೊಡು.
ಆ ನಾಲ್ಕು ರೂಪಾಯಿ ನನ್ನ ಲೆಕ್ಕಕ್ಕೆ ಬರಕೊ.”

ಬರೆಯುತ್ತಿದ್ದೇನೆ, ಕ್ಯಾಲೆಂಡರಿನ ಹಿಂಬದಿಗೆ.
ಇವತ್ತಿಗೆ ನಲವತ್ತೆಂಟು.
ಆಲೂರಿನ ಬಸ್ಸು ನಿಂತಾಗಲೆಲ್ಲ
ಅರ್ಧ ಎಳೆದ ಷಟರಿನ ಕೆಳಗಿಂದ
ಬಗ್ಗಿ ನೋಡುತ್ತೇನೆ.