ಹನ್ನೆರಡು ವೋಲ್ಟು

ಸೀರಿ ಸೆರಗಿನ ನಕ್ಷಿ ಬರಿಯೂ ಗ್ರಾಫ್ ಹಾಳಿ,
ಒಂದು ಚೌಕಕ್ಕ ಒಂದು ಎಳಿ. ಬೆಟಗೇರ್ಯಾಗ ಇದು ನನ್ನ ಹೊಟ್ಟಿಪಾಡು.
ಇವತ್ತ ಅದರ ಮ್ಯಾಲ ಹಿತ್ತಲಾ ಬರದೀನಿ,
ಒಂದು ಚೌಕಕ್ಕ ಒಂದು ಫೂಟು.
ಕರಿಬೇವು ಇಲ್ಲಿ, ಪೇರಲ ಅಲ್ಲಿ,
ನೀರಿನ ತೊಟ್ಟಿ ಹಂತ್ಯಾಕ ಪಾರಿಜಾತ,
ಮೂಲ್ಯಾಗ, ಗೋಡಿಗೆ ಬೆನ್ನು ಕೊಟ್ಟು,
ಅಪ್ಪ ಹಚ್ಚಿದ ಬೇವಿನ ಗಿಡ.

"ಗಿಡಕ್ಕ ಯಾರರ ಲೈಟ್ ಹಾಕಸ್ತಾರೇನು?"
ಕಂಡಿಕಿ ಸುತ್ತೂದು ಬಿಡದ ಕೇಳತಾಳ ಸಂಕವ್ವ.
ಉತ್ತರ ನನಗೂ ಗೊತ್ತಿಲ್ಲ.
ಹಗಲೆಲ್ಲಾ ಚೌಕ ಎಣಿಸಿ ಎಣಿಸಿ
ಸಂಜಿಗೆ ಕಣ್ಣು ಏನರ ದೊಡ್ಡದನ್ನ ಕೇಳತಾವ,
ಎಣಿಸಾಕ ಬರಲಾರದ್ದನ್ನ.
ಆ ಹೊತ್ತಿಗೆ ಗಿಡ ಕತ್ತಲಾಗಿರತೈತಿ.

ಜಾಫರ ಬಂದ, ಹೆಗಲಿಗೆ ವೈರಿನ ಸಿಂಬಿ.
"ಕಾಕಾ, ಇದು ಮನಿ ಕರೆಂಟ್ ಅಲ್ಲ.
ಟ್ರಾನ್ಸ್‌ಫಾರ್ಮರ್ ಇಟ್ಟು ಹನ್ನೆರಡಕ್ಕ ಇಳಸ್ತೀನಿ,
ಮುಟ್ಟಿದ್ರೂ ಜುಮ್ ಅನ್ನೂದಿಲ್ಲ.
ಆದ್ರ ದೂರ ಹೋದಂಗ ಸೊರಗತೈತಿ,
ಮೊದಲ ದೀಪ ಮದಲಗಿತ್ತಿ, ಕಡೀ ದೀಪ ಬಾಣಂತಿ.
ವೈರ್ ದಪ್ಪಂದು ತಗೋಬೇಕು."
ರೊಕ್ಕಾ ಕೊಡೂಕಿಂತ ಮೊದಲು
ಬ್ಯಾಟರಿ ಹಿಡದು ನೋಡ್ರಿ ಅಂದ ಹೋದ.

ರಾತ್ರಿ ಒಂಬತ್ತರ ಮ್ಯಾಲ, ಓಣ್ಯಾಗಿನ ಮಗ್ಗ ನಿಂತ ಮ್ಯಾಲ,
ಸಂಕವ್ವನ ಕೈಯಾಗ ಬ್ಯಾಟರಿ,
ನಾ ಹಿಂದ ಹಿಂದ ಸರಕೋಂತ ಹೇಳಾವ.
ಬುಡದಿಂದ ಹಿಡದ್ರ ತೊಗಟಿ ಗಂಟು ಗಂಟು,
ಬಿಗಿ ಸಡ್ಲಾದ ಹಾಸಿನಂಗ.
ಬಾಜೂಕ ಸರದ್ರ ಎಲಿ ಒಂದೊಂದೂ ಬ್ಯಾರೆ.
ನೆಟ್ಟಗ ಹಿಡದ್ರ ಏನಿಲ್ಲ,
ಆಧಾರ್ ಕಾರ್ಡಿನ ಫೋಟೋದಂಗ ಸಪ್ಪಗ.
ಪೇರಲದಾಗ ಒಂದು ಓತಿಕ್ಯಾತ ಎಚ್ಚರಾಗಿ
ನಮ್ಮನ್ನ ನೋಡಿ, ಮತ್ತ ಕಣ್ಣು ಮುಚ್ಚಿತು.

ಅಷ್ಟರಾಗ ಗೋಡಿ ಆಚೆ ಕಡಿಂದ,
"ಯಾರದು?"
ತಮ್ಮನ ಹೆಂಡತಿ, ಇಂದ್ರವ್ವ.
ಮಗ್ಗ ಹಂಚಿಕೊಂಡು ಗೋಡಿ ಎದ್ದು ಆರು ವರ್ಷ.
ಬುಡ ನಮಗ ಬಂತು, ಅರ್ಧ ಟೊಂಗಿ ಅವರಿಗೆ.
ಸಂಕವ್ವ ನನ್ನ ನೋಡಿದ್ಲು. ನಾ ಬೇವು ನೋಡಿದೆ.
"ನಾವ ಅದೀವಿ. ಗಿಡಕ್ಕ ಬೆಳಕು ಹಿಡದು ನೋಡಾಕತ್ತೀವಿ."
ಆಚೆ ಸುಮ್ಮನಾತು.
ಬಾಗಲಾ ಹಾಕಿದ ಸಪ್ಪಳ ಮಾತ್ರ ಬರಲಿಲ್ಲ.
ಆಮ್ಯಾಲ,
"ಈ ಕಡಿ ಟೊಂಗಿಗೆ ಏನೂ ಬರವಲ್ದಲಾ."

ಮುಂಜಾನೆ ಹಾಳಿ ತಗದೆ.
ಗೋಡಿ ಇದ್ದಲ್ಲಿಗೆ ಚೌಕ ಮುಗದಿದ್ದವು.
ಇನ್ನೊಂದು ಹಾಳಿ ಅಂಟಿಸಿ,
ಆರು ವರ್ಷ ಕಾಣದ ನೆಲಾನ ಅಂದಾಜಿಲೆ ಬರದೆ:
ಬಟ್ಟಿ ತೊಳಿಯೂ ಕಲ್ಲು,
ತುಳಸಿಕಟ್ಟಿ, ಇನ್ನೂ ಅಲ್ಲೇ ಇದ್ರ,
ಅದರ ಎಡಕ್ಕ ಆರನೇ ದೀಪ.

ಜಾಫರ ಲೆಕ್ಕಾ ತಿದ್ದಿದ. ವೈರ್ ಇನ್ನೂ ದಪ್ಪ, ಎಂಟನೂರು ಹೆಚ್ಚು.
ಗೋಡಿ ತಟ್ಟಿ ತಟ್ಟಿ, ಇಟ್ಟಂಗಿ ಸಂದು ಹುಡುಕಿ,
"ಇಲ್ಲಿ ತೂತು ಹೊಡೀಲೇನ್ರಿ ಕಾಕಾ?"
"ಎಷ್ಟ ದೊಡ್ಡದು?"
ಕಿರಬೆರಳು ತೋರಿಸಿದ.

ಸಂಕವ್ವ ಕಂಡಿಕಿ ಬಿಟ್ಟು ಎದ್ದು ಬಂದು
ಅವನ ಬೆರಳ ಪಕ್ಕ ತನ್ನದೂ ಹಿಡದು ನೋಡಿದ್ಲು.
"ತಡಿ, ಆ ಕಡಿ ಕೇಳಿ ಬರತೀನಿ," ಅಂದು
ಚಪ್ಪಲಿ ಹುಡುಕಾಕತ್ತಿದ್ಲು.